ಬೇಸಿಗೆ ಸೂಟಿಯ ಓದಿಗೆ ಒಂದು ಜಗತ್ತಿನ ಕಥೆ

ಏಪ್ರಿಲ್ ತಿಂಗಳ ಒಂದು ಸಂಜೆ ಜಮಖಂಡಿಯ ಸಮೀಪದ ಹುನ್ನೂರಿನಲ್ಲಿ ಒಂದು ಮನೆಗೆ ಹೋಗಿದ್ದೆ. ಮನೆಯ ಮಗಳು ಎಂಟನೆಯ ತರಗತಿ ಮುಗಿಸಿದ್ದಳು. "ಫಾದರ್, ಸೂಟಿ ಬಿಟ್ಟೈತ್ರಿ. ಮುಂದಿನ ವರ್ಷ ಜಗತ್ತಿನ ಇತಿಹಾಸ ಬರ್ತೈತಂತ. ಓದಾಕ ಏನರ ಹೇಳ್ರಿ" ಎಂದರು ತಂದೆ. ನನಗೆ ಥಟ್ಟನೆ ನೆನಪಾದದ್ದು ಜವಾಹರಲಾಲ್ ನೆಹರೂ ಅವರ 'ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ'. ಹೆಸರು ಹೇಳಿದ ಮರುಕ್ಷಣವೇ ಕೊಂಚ ಹಿಂಜರಿದೆ. ಅದರ ಕಾರಣವನ್ನೂ ಹೇಳಬೇಕು.

ಇದು 196 ಪತ್ರಗಳ ಗ್ರಂಥ. 1930ರ ಅಕ್ಟೋಬರ್‌ನಲ್ಲಿ ಇಂದಿರಾಳ ಹದಿಮೂರನೆಯ ಹುಟ್ಟುಹಬ್ಬದ ದಿನ ನೈನಿ ಸೆರೆಮನೆಯಲ್ಲಿ ಆರಂಭವಾಗಿ 1933ರ ಆಗಸ್ಟ್‌ನಲ್ಲಿ ಮುಗಿಯಿತು, ಮರುವರ್ಷ ಪ್ರಕಟವಾಯಿತು. ಕೈಗೆ ದೊಡ್ಡ ಗ್ರಂಥಾಲಯವಿಲ್ಲ. ಹಿಂದೆ ಓದಿ ಮಾಡಿಟ್ಟುಕೊಂಡ ಟಿಪ್ಪಣಿಗಳು ಮತ್ತು ನೆನಪೇ ಬಂಡವಾಳ. ಪಂಡಿತರು ಇದರಲ್ಲಿ ತಪ್ಪುಗಳನ್ನು ಹುಡುಕಬಹುದು. ಆದರೆ ಹದಿಮೂರು ವರ್ಷದ ಮಗುವಿನ ಬುದ್ಧಿಯನ್ನು ಇಷ್ಟು ಗೌರವಿಸಿ ಬರೆದ ಇತಿಹಾಸ ಗ್ರಂಥಗಳು ವಿರಳ. ಯುರೋಪನ್ನೇ ಜಗತ್ತೆಂದು ತಿಳಿಯುತ್ತಿದ್ದ ಕಾಲದಲ್ಲಿ ಚೀನಾ, ಪರ್ಷಿಯಾ, ಮಧ್ಯ ಏಷ್ಯಾಗಳನ್ನು ಅವರು ಕಥೆಯ ನಡುಮನೆಗೆ ಕರೆತಂದರು. ಭಾರತದ ಕೈಕಸುಬುದಾರರು ಬ್ರಿಟಿಷ್ ಗಿರಣಿಗಳ ಎದುರು ಹೇಗೆ ನೆಲಕಚ್ಚಿದರೆಂಬ ಪತ್ರವನ್ನು ಓದುವಾಗ, ರಬಕವಿ-ಬನಹಟ್ಟಿಯ ಮಗ್ಗದ ಸದ್ದು ಕೇಳಿದ ಮಗುವಿಗೆ 'ಕೈಗಾರಿಕಾ ಕ್ರಾಂತಿ' ಬರಿಯ ಎರಡು ಅಂಕಗಳ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇನ್ನು ಹಿಂಜರಿಕೆಯ ಮಾತು. ನೆಹರೂ ಧರ್ಮಸಭೆಯ ವಿಷಯದಲ್ಲಿ ಮೃದುವಾಗಿ ಬರೆದವರಲ್ಲ. ಶಿಲುಬೆಯ ಯುದ್ಧಗಳು, ಪಾಷಂಡಿಗಳೆನಿಸಿದವರನ್ನು ಹಿಂಸಿಸಿದ ವಿಚಾರಣಾ ನ್ಯಾಯಾಲಯಗಳು, ಯಾವುದನ್ನೂ ಅವರು ಮರೆಮಾಚುವುದಿಲ್ಲ. ನಮ್ಮ ಮನೆಯ ಮಗು ಇದನ್ನು ಓದಬೇಕೇ? ಓದಬೇಕೆಂದೇ ನನ್ನ ಅಭಿಪ್ರಾಯ. 1099ರಲ್ಲಿ ಜೆರುಸಲೇಮಿನಲ್ಲಿ ನಡೆದ ಕಗ್ಗೊಲೆ ನಡೆದದ್ದೇ. ಜೋನ್ ಆಫ್ ಆರ್ಕ್‌ಳನ್ನು 1431ರಲ್ಲಿ ಧರ್ಮಸಭೆಯ ನ್ಯಾಯಾಧೀಶರೇ ತಪ್ಪಿತಸ್ಥಳೆಂದರು, ಆಕೆ ಬೆಂಕಿಗೆ ಆಹುತಿಯಾದಳು. 1920ರಲ್ಲಿ ಅದೇ ಧರ್ಮಸಭೆ ಆಕೆಯನ್ನು ಸಂತಳೆಂದು ಸಾರಿತು. ಜಗದ್ಗುರು ಎರಡನೇ ಜಾನ್ ಪಾಲರು 2000ದ ಮಾರ್ಚ್ 12ರಂದು ಧರ್ಮಸಭೆಯ ಮಕ್ಕಳ ಹಿಂದಿನ ಪಾಪಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಜಗದ್ಗುರುಗಳು ಒಪ್ಪಿಕೊಂಡದ್ದನ್ನು ನಾವು ಮಕ್ಕಳಿಂದ ಅಡಗಿಸುವುದು ಯಾವ ನ್ಯಾಯ? ಅಲ್ಲದೆ ನೆಹರೂ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪ್ರೀತಿಯಿಂದಲೇ ಸ್ಮರಿಸುತ್ತಾರೆ. ಸೆಮಿನರಿಯಲ್ಲಿ ಧರ್ಮಸಭೆಯ ಇತಿಹಾಸ ಓದುವಾಗ ನಮಗೂ ಈ ಕಹಿ ಅಧ್ಯಾಯಗಳು ಎದುರಾದವು. ಅವುಗಳಿಂದ ನನ್ನ ಕರೆ ಅಲುಗಲಿಲ್ಲ.

ನನ್ನ ನಿಜವಾದ ತಕರಾರು ಬೇರೆಡೆ ಇದೆ. ಸೋವಿಯತ್ ರಷ್ಯದ ಪಂಚವಾರ್ಷಿಕ ಯೋಜನೆಯನ್ನು ವರ್ಣಿಸುವಾಗ ಅವರ ಲೇಖನಿಗೆ ಉತ್ಸಾಹ ಉಕ್ಕುತ್ತದೆ. ಅವರು ಬರೆಯುತ್ತಿದ್ದ 1932-33ರಲ್ಲಿಯೇ ಉಕ್ರೇನಿನ ಹಳ್ಳಿಗಳಲ್ಲಿ ಲಕ್ಷಾಂತರ ರೈತರು ಹಸಿವಿನಿಂದ ಸಾಯುತ್ತಿದ್ದರು. ಸೆರೆಮನೆಗೆ ಆ ಸುದ್ದಿ ಮುಟ್ಟಲಿಲ್ಲವೆಂದು ಲೇಖಕರನ್ನು ಕ್ಷಮಿಸಬಹುದು. ಆದರೆ ಇಂದು ಪುಸ್ತಕವನ್ನು ಮಗುವಿನ ಕೈಗಿಡುವ ಹಿರಿಯರು ಅದನ್ನು ಹೇಳದಿದ್ದರೆ ತಪ್ಪು. ಎರಡನೆಯದು, ಆಕಾಶದಿಂದ ನೋಡಿದಂತಿರುವ ಈ ಕಥೆಯಲ್ಲಿ ಸಣ್ಣ ಊರುಗಳು ಕಾಣುವುದಿಲ್ಲ. ನಿಶ್ಶಸ್ತ್ರೀಕರಣ ಕಾಯ್ದೆಯನ್ನು ವಿರೋಧಿಸಿ 1857ರಲ್ಲಿ ಬಂಡೆದ್ದ ಹಲಗಲಿಯ ಬೇಡರು ಹುನ್ನೂರಿಗೆ ದೂರದವರಲ್ಲ; ಅವರ ಕಥೆಯನ್ನು ಮಗು ಲಾವಣಿಯಿಂದ, ಅಜ್ಜ-ಅಜ್ಜಿಯರಿಂದ ಕೇಳಬೇಕು. ಕೊನೆಯ ಭಾಗದ ಆರ್ಥಿಕ ಮುಗ್ಗಟ್ಟಿನ ಪತ್ರಗಳಂತೂ ದೊಡ್ಡವರಿಗೇ ಭಾರ. ಅವುಗಳನ್ನು ಬಿಟ್ಟು ಓದಿದರೆ ಯಾವ ನಷ್ಟವೂ ಇಲ್ಲ.

ಗ್ರಂಥದ ಗಾತ್ರ ನೋಡಿ ತಾಯಿ ಗಾಬರಿಯಾದರು. ಇಂಗ್ಲಿಷ್ ಬೇರೆ. ರಾತ್ರಿ ಊಟವಾದ ಮೇಲೆ ಒಂದೊಂದೇ ಪತ್ರವನ್ನು ತಂದೆ ಓದಿ ಕನ್ನಡದಲ್ಲಿ ಹೇಳಲಿ, ಮಗಳು ಗೋಡೆಯ ಭೂಪಟದಲ್ಲಿ ಊರು ಹುಡುಕಲಿ ಎಂದೆ. ಪತ್ರಗಳನ್ನು ಬರೆದವರೂ ತಂದೆಯೇ ಅಲ್ಲವೇ! ನನ್ನ ಹಳೆಯ ಪ್ರತಿಯನ್ನು ಅಲ್ಲಿಯೇ ಬಿಟ್ಟು ಬಂದಿದ್ದೇನೆ. ಶಿಲುಬೆಯ ಯುದ್ಧದ ಪತ್ರದವರೆಗೆ ಬಂದಾಗ ನನಗೆ ಹೇಳಿ ಕಳುಹಿಸುವಂತೆ ತಿಳಿಸಿದ್ದೇನೆ. ಅಂದು ನಾನೂ ಅವರೊಡನೆ ಕುಳಿತು ಕೇಳುವವನಿದ್ದೇನೆ.