ಕೊಂಡುಕೊಳ್ಳಲಾಗದ ಹೆಸರು

ಸೋಫಿ ಹೈಡ್ ನಿರ್ದೇಶನದ ‘ಗುಡ್ ಲಕ್ ಟು ಯೂ, ಲಿಯೋ ಗ್ರಾಂಡೆ’ (2022) ಮೊದಲ ಸಲ ನೋಡಿದಾಗ, ವಯಸ್ಸಾದ ಹೆಣ್ಣಿನ ಬಯಕೆಯ ಕತೆ ಅನ್ನಿಸಿತ್ತು. ಎರಡನೇ ಸಲ ಕಣ್ಣಿಗೆ ಬಿದ್ದದ್ದು ದುಡ್ಡು.

ಗಂಡನನ್ನು ಕಳೆದುಕೊಂಡ ನಿವೃತ್ತ ಶಿಕ್ಷಕಿ ನ್ಯಾನ್ಸಿ (ಎಮ್ಮಾ ಥಾಂಪ್ಸನ್) ಯುವಕ ಲಿಯೋನನ್ನು (ಡ್ಯಾರಿಲ್ ಮೆಕಾರ್ಮ್ಯಾಕ್) ಹಣ ಕೊಟ್ಟು ಹೋಟೆಲ್ ಕೋಣೆಗೆ ಕರೆಸಿಕೊಳ್ಳುತ್ತಾಳೆ. ದಾಂಪತ್ಯದಲ್ಲಿ ಎಂದೂ ಸಿಗದ ಸುಖ ಅವಳಿಗೆ ಬೇಕು. ಆದರೆ ಅಳುಕುವವಳು ಅವಳೇ, ಧೈರ್ಯ ತುಂಬುವವನು ಅವನು. ಹಣ ಕೊಟ್ಟವರ ಕೈಯೇ ಮೇಲು ಅನ್ನುವ ಲೆಕ್ಕ ಇಲ್ಲಿ ತಪ್ಪಿತಲ್ಲ ಅಂದುಕೊಳ್ಳುತ್ತೇವೆ.

ಮೂರನೇ ಭೇಟಿಯಲ್ಲಿ ಆ ಲೆಕ್ಕ ಮರಳುತ್ತದೆ. ಲಿಯೋನ ನಿಜವಾದ ಹೆಸರನ್ನು ಹುಡುಕಿ ತೆಗೆದಿದ್ದ ನ್ಯಾನ್ಸಿ ಅದನ್ನು ಅವನೆದುರೇ ಹೇಳಿಬಿಡುತ್ತಾಳೆ. ಅವಳಿಗದು ಅಕ್ಕರೆ, ಅವನಿಗೆ ಅತಿಕ್ರಮಣ. ಮೈ ಒಪ್ಪಿಸುವಾಗ ಅಳುಕದವನು ಹೆಸರು ಕೇಳಿ ಸಿಡಿದೇಳುತ್ತಾನೆ. ಅವನು ಮಾರಿದ್ದು ಸಮಯ, ಸ್ಪರ್ಶ, ಗಮನ. ಬದುಕನ್ನಲ್ಲ.

ನನ್ನದೊಂದು ತಕರಾರಿದೆ. ಕೊನೆಗೆ ಕನ್ನಡಿಯೆದುರು ಬೆತ್ತಲಾಗಿ ತನ್ನನ್ನೇ ನೋಡಿಕೊಳ್ಳುವ ನ್ಯಾನ್ಸಿಯ ಬಿಡುಗಡೆ ನಮಗೆ ಪೂರ್ತಿ ಕಾಣುತ್ತದೆ. ಲಿಯೋನಿಗೆ ಈ ದುಡ್ಡು ಎಷ್ಟು ಅನಿವಾರ್ಯ ಅನ್ನುವುದನ್ನು ಮಾತ್ರ ಚಿತ್ರ ಒತ್ತಿ ಕೇಳುವುದಿಲ್ಲ. ಅಷ್ಟು ಸುಂದರ, ಅಷ್ಟು ಸಹನೆಯ ಲಿಯೋ ಆ ಪ್ರಶ್ನೆಯನ್ನೇ ಮರೆಸಿಬಿಡುತ್ತಾನೆ.

ಆದರೂ ಆ ಮೂರನೇ ಭೇಟಿ ನನ್ನನ್ನು ಬಿಟ್ಟಿಲ್ಲ. ಮನೆಗೆ ಅಡುಗೆಗೆ ಬರುವವರ ಊರು, ಗಂಡ, ಸಾಲ ಎಲ್ಲವನ್ನೂ ನಾನೂ ಅಕ್ಕರೆಯೆಂದೇ ಕೆದಕಿದ್ದೇನೆ. ಅವರು ನಗುತ್ತಲೇ ಉತ್ತರಿಸಿದ್ದಾರೆ. ಲಿಯೋನಂತೆ ಸಿಟ್ಟಾಗಿ ಹೊರಟುಬಿಡುವ ಅನುಕೂಲ ಅವರಿಗಿರಲಿಲ್ಲ.