ಆರೋಗ್ಯವಂತರಿಗೆ ಒತ್ತಡದ ಆಮ್ಲಜನಕ ಯಾಕೆ?

ಶಿಕಾರಿಪುರ, ಸೊರಬಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಆದರೂ ಇಲ್ಲಿನ ಆರೋಗ್ಯವಂತ ರೈತನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ 97, 98 ಎಂದು ತೋರಿಸುತ್ತದೆ. ಹಿಮೋಗ್ಲೋಬಿನ್ ಆಗಲೇ ಹೆಚ್ಚುಕಡಿಮೆ ಭರ್ತಿ. ಹೈಪರ್‌ಬಾರಿಕ್ ಚಿಕಿತ್ಸೆಯನ್ನು, ಅಂದರೆ ಒತ್ತಡ ಏರಿಸಿದ ಚೇಂಬರ್‌ನಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಕೊಡುವುದನ್ನು, ಯೌವನ ಮರಳಿಸುವ ಸೇವೆಯೆಂದು ಮಾರುವವರನ್ನು ಕೇಳಬೇಕು: ಹೆಚ್ಚಿನ ಆಮ್ಲಜನಕ ಹೋಗುವುದಾದರೂ ಎಲ್ಲಿಗೆ?

ಅದು ಪ್ಲಾಸ್ಮಾದಲ್ಲಿ ಕರಗುತ್ತದೆ. ಮಾಮೂಲಿ ಗಾಳಿ ಉಸಿರಾಡುವಾಗ 100 ಮಿ.ಲೀ. ರಕ್ತದಲ್ಲಿ ಹೀಗೆ ಕರಗಿರುವುದು 0.3 ಮಿ.ಲೀ. ಮಾತ್ರ, ವಾತಾವರಣದ ಎರಡು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ 4 ಮಿ.ಲೀ. ಆಸುಪಾಸು. ಒತ್ತಡ ಏರುವಾಗ ಹುಲಿಕಲ್ ಘಾಟಿ ಇಳಿದಂತೆ ಕಿವಿ ಕಟ್ಟುತ್ತದೆ, ಉಗುಳು ನುಂಗುತ್ತಲೇ ಇರಬೇಕು. ಆರೋಗ್ಯವಂತ ದೇಹ ಈ ಧಾರಾಳವನ್ನು ಒಪ್ಪಿಕೊಳ್ಳುವುದೂ ಇಲ್ಲ: ರಕ್ತನಾಳಗಳು ಕಿರಿದಾಗುತ್ತವೆ, ನಾಡಿ ನಿಧಾನವಾಗುತ್ತದೆ. ಹಲವು ವಾರ ಮುಂದುವರಿದರೆ ಕೆಲವರಿಗೆ ದೂರದ್ದು ಮಂಜಾಗುತ್ತದೆ, ಸಾಮಾನ್ಯವಾಗಿ ಆಮೇಲೆ ಸರಿಹೋಗುತ್ತದೆ. ಅಪರೂಪಕ್ಕೆ ಫಿಟ್ಸ್ ಬರುವುದುಂಟು. ಒತ್ತಡದ ಆಮ್ಲಜನಕದ ಈ ಅಪಾಯವನ್ನು ಫ್ರಾನ್ಸಿನ ವಿಜ್ಞಾನಿ ಪಾಲ್ ಬೆರ್ 1878ರಲ್ಲೇ ಬರೆದಿಟ್ಟಿದ್ದ.

ಮಾರಾಟಗಾರರು ಮುಂದೊಡ್ಡುವುದು 2020ರ ಇಸ್ರೇಲಿ ಅಧ್ಯಯನವನ್ನು. 64 ವರ್ಷ ಮೇಲ್ಪಟ್ಟ 35 ಆರೋಗ್ಯವಂತರು 60 ಬಾರಿ, ಪ್ರತಿ ಸಲ 90 ನಿಮಿಷ ಚೇಂಬರ್‌ನಲ್ಲಿ ಕೂತರು. ರಕ್ತಕಣಗಳ ಟೆಲೊಮಿಯರ್ (ವಯಸ್ಸಾದಂತೆ ಗಿಡ್ಡವಾಗುವ, ವರ್ಣತಂತುಗಳ ತುದಿ) ಶೇ. 20ಕ್ಕೂ ಮಿಕ್ಕಿ ಉದ್ದವಾಯಿತೆಂದು ವರದಿ. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪೇ ಅದರಲ್ಲಿ ಇರಲಿಲ್ಲ. ಲೇಖಕರಲ್ಲಿ ಕೆಲವರಿಗೆ ಇದೇ ಚಿಕಿತ್ಸೆಯ ವ್ಯಾಪಾರದ ನಂಟು ಬೇರೆ. ಅದೇ ತಂಡ 63 ಜನರ ಮೇಲೆ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ ಗಮನ, ಚುರುಕುತನ ಹೆಚ್ಚಿದ್ದು ಕಂಡಿತು. ಇದು ಆಸಕ್ತಿ ಹುಟ್ಟಿಸುವ ಫಲಿತಾಂಶ, ತಳ್ಳಿಹಾಕಲಾರೆ. ಆದರೆ ಅಲ್ಲೂ ಎದುರು ಗುಂಪಿಗೆ ತೋರಿಕೆಯ ಚಿಕಿತ್ಸೆಯೂ ಇರಲಿಲ್ಲ. ಎರಡು ತಿಂಗಳಿಗೂ ಹೆಚ್ಚು ಕಾಲದ ಆರೈಕೆ, ನಿರೀಕ್ಷೆಗಳೇ ಮನಸ್ಸನ್ನು ಎಷ್ಟು ಚುರುಕುಗೊಳಿಸುತ್ತವೆಂಬುದನ್ನು ಬೇರ್ಪಡಿಸುವುದು ಹೇಗೆ? ಇಷ್ಟನ್ನು ನಂಬಿ ಸೊರಬದ ಮೇಷ್ಟ್ರೊಬ್ಬರು ಪಿಂಚಣಿ ಹಣ ಸುರಿಯಬೇಕೆಂದರೆ ನಾನು ಬೇಡವೆನ್ನುತ್ತೇನೆ.

ಈ ಚಿಕಿತ್ಸೆಗೆ ನಿಜವಾದ ಕೆಲಸ ಬೇರೆ ಇದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಗದ್ದೆ ಬದುವಿನಲ್ಲಿ ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ. ಹುಣ್ಣು ಕೀವುಗಟ್ಟಿ, ವಾಸನೆ ಬಂದ ಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಓಡುತ್ತಾರೆ. ಅಂಥ ಹುಣ್ಣಿನಲ್ಲಿ ಊತಕಕ್ಕೆ ಆಮ್ಲಜನಕದ ಕೊರತೆ ನಿಜವಾಗಿಯೂ ಇದೆ. ಹುಣ್ಣು ಶುಚಿಮಾಡಿ, ಸಕ್ಕರೆ ಹತೋಟಿಗೆ ತಂದು, ಜೊತೆಗೆ ಈ ಚಿಕಿತ್ಸೆ ಕೊಟ್ಟರೆ ಆಯ್ದ ಕೆಲವರ ಕಾಲು ಉಳಿದೀತು. ಮಲೆನಾಡಿಗೆ ಚೇಂಬರ್ ತರುವುದಾದರೆ ಮೊದಲ ಸರದಿ ಇವರದ್ದಾಗಲಿ.