ಬಿದ್ದುಹೋದ 'ಅಂತೆ'

ನಿಮಿಷವೂ ಹಿಡಿಯದ ಜಾಹೀರಾತೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದೇ ಎಂದು ಹುಬ್ಬೇರಿಸುವವರು ಇರಬಹುದು. ಬಹಳ ಜನ ನಂಬಿ ದುಡ್ಡು ಕೊಟ್ಟ ಮಾತಾದ್ದರಿಂದ ಎತ್ತಿಕೊಂಡಿದ್ದೇನೆ. ಅದು ಅಮೆರಿಕದ ಆನ್ಸೆಸ್ಟ್ರಿ ಕಂಪನಿಯದು. ಕೊಳವೆಯಲ್ಲಿ ಎಂಜಲು ತುಂಬಿ ಅಂಚೆಗೆ ಹಾಕಿದರೆ, ಡಿಎನ್‌ಎ ಪರೀಕ್ಷಿಸಿ, ನಿಮ್ಮ ಪೂರ್ವಜರು ಯಾವ ಯಾವ ನಾಡಿನವರು, ನೂರಕ್ಕೆ ಎಷ್ಟೆಷ್ಟು ಪಾಲು ಎಂದು ಲೆಕ್ಕ ಕೊಡುತ್ತಾರೆ. 2015ರ ಸುಮಾರಿಗೆ ಅಲ್ಲಿನ ಟೀವಿಯಲ್ಲಿ ಬಂದ ಈ ಚಿತ್ರದಲ್ಲಿ ಕೈಲ್ ಎಂಬಾತ ತನ್ನ ಕಥೆ ಹೇಳುತ್ತಾನೆ. ತಾವು ಜರ್ಮನರೆಂದೇ ತಿಳಿದು ಬೆಳೆದವನು. ಜರ್ಮನ್ ನೃತ್ಯತಂಡದಲ್ಲಿ ಚರ್ಮದ ಚಡ್ಡಿ ತೊಟ್ಟು ಕುಣಿದವನು. ಪರೀಕ್ಷೆ ಮಾಡಿಸಿದರೆ ಜರ್ಮನಿ ಇಲ್ಲವೇ ಇಲ್ಲ, ಶೇಕಡಾ 52 ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್! ಚಡ್ಡಿ ಬಿಟ್ಟು ಸ್ಕಾಟರ ಕಿಲ್ಟ್ ಉಟ್ಟನಂತೆ.

ನೋಡಲು ಚೆನ್ನಾಗಿದೆ, ನಗುವೂ ಬರುತ್ತದೆ. ಆದರೆ ವರ್ಷ ವರ್ಷವೂ ಮಕ್ಕಳಿಗೆ ಅಲಂಕಾರ ಕಲಿಸುವ ನನಗೆ ಒಂದು ಪದ ಕಾಣೆಯಾಗಿರುವುದು ಎದ್ದು ಕಂಡಿತು. 'ಮುಖ ಕಮಲದಂತೆ' ಎಂದರೆ ಉಪಮೆ. ಆ 'ಅಂತೆ' ಬಿದ್ದುಹೋಗಿ 'ಮುಖಕಮಲ'ವಾದರೆ ರೂಪಕ. ಎರಡೂ ಒಂದೇ ಎಂಬ ಅಭೇದ. ಪ್ರಯೋಗಾಲಯ ಹೇಳುವುದು ಉಪಮೆಯನ್ನು ಮಾತ್ರ. ತಲೆಮಾರುಗಳಿಂದ ಒಂದೇ ಸೀಮೆಯಲ್ಲಿ ನೆಲೆನಿಂತ ಮನೆತನಗಳ ಈಗಿನ ಕಾಲದ ಕೆಲವರನ್ನು ಆರಿಸಿಟ್ಟುಕೊಂಡು, ನಿಮ್ಮ ಡಿಎನ್‌ಎಯ ಒಂದೊಂದು ತುಣುಕೂ ಅವರಲ್ಲಿ ಯಾರದನ್ನು ಹೆಚ್ಚು ಹೋಲುತ್ತದೆ ಎಂದು ಗಣಿತ ಹಾಕುತ್ತಾರೆ. ಉಪಮೇಯ ನೀವು, ಉಪಮಾನ ಅವರು. 'ಹೋಲುತ್ತದೆ' ಹೋಗಿ 'ಆಗಿದ್ದೀರಿ' ಬಂದದ್ದು ಅಂಗಡಿಯ ಮುಂಗಟ್ಟಿನಲ್ಲಿ.

ಉಪಮಾನ ಬದಲಾದರೆ ಹೋಲಿಕೆಯೂ ಬದಲಾಗಬೇಕಷ್ಟೆ. 2018ರಲ್ಲಿ ಇದೇ ಕಂಪನಿ ತನ್ನ ಮಾದರಿ ಜನರ ಪಟ್ಟಿಯನ್ನು ಸುಮಾರು 3,000ದಿಂದ 16,000ಕ್ಕೆ ಹಿಗ್ಗಿಸಿತು. ಗ್ರಾಹಕರ ಶೇಕಡಾಗಳು ಮೇಲೆ ಕೆಳಗೆ ಆದವು. ಅವರ ರಕ್ತ ಇದ್ದಂತೆಯೇ ಇತ್ತು. ಇನ್ನು ಸೊನ್ನೆಯ ಮಾತು. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುವುದು ನಿಜ. ಆದರೆ ನಾಲ್ವರು ಅಜ್ಜ ಅಜ್ಜಿಯರಿಂದ ಸರಿಯಾಗಿ ಕಾಲು ಕಾಲು ಬರುವುದಿಲ್ಲ. ಹತ್ತು ತಲೆಮಾರು ಹಿಂದಿನವರಲ್ಲಿ ಹೆಚ್ಚಿನವರ ಒಂದು ತುಣುಕೂ ನಮ್ಮಲ್ಲಿ ಉಳಿದಿರುವುದಿಲ್ಲ. ಹಾಗೆಂದು ಅವರು ನಮ್ಮ ಪೂರ್ವಜರಲ್ಲದೆ ಹೋದಾರೆಯೇ? (ಅಮೆರಿಕದಲ್ಲಿರುವ ನನ್ನ ತಮ್ಮನ ಮಗಳಿಗೆ 'ದಕ್ಷಿಣ ಭಾರತ' ಎಂದು ವರದಿ ಬಂತು. "ಇಷ್ಟು ನನಗೂ ಗೊತ್ತಿತ್ತಲ್ಲ ಅತ್ತೆ" ಎಂದಳು.)

ಜಾಹೀರಾತಿನಲ್ಲಿ ನಡುವೆ ಒಂದು ಮಾತು ಸುಳಿದು ಹೋಗುತ್ತದೆ: ವಂಶವೃಕ್ಷ ಹುಡುಕಿದಾಗಲೇ ಕೈಲ್‌ಗೆ ಜರ್ಮನರು ಸಿಕ್ಕಿರಲಿಲ್ಲ. ಗಟ್ಟಿ ಪುರಾವೆ ಆ ಕಾಗದಪತ್ರಗಳದು. ಕಿರೀಟ ಮಾತ್ರ ಶೇಕಡಾಕ್ಕೆ.

ತಮಾಷೆಯಲ್ಲದ ಪ್ರಸಂಗವೂ ಇದೆ. ಅಮೆರಿಕದ ಸೆನೆಟರ್ ಎಲಿಜಬೆತ್ ವಾರೆನ್, ಮನೆಯಲ್ಲಿ ಕೇಳುತ್ತಾ ಬಂದ ಚೆರೋಕೀ ಮೂಲದ ಕಥೆಯನ್ನು ರುಜುವಾತುಪಡಿಸಲು 2018ರ ಅಕ್ಟೋಬರಿನಲ್ಲಿ ಪರೀಕ್ಷೆಯ ಫಲ ಪ್ರಕಟಿಸಿದರು. ಆರರಿಂದ ಹತ್ತು ತಲೆಮಾರು ಹಿಂದೆ ಒಬ್ಬ ಮೂಲನಿವಾಸಿ ಪೂರ್ವಜರು ಇದ್ದಿರಬಹುದು ಎಂದಿತ್ತು ಅದು. ಹೋಲಿಕೆಗೆ ಇಟ್ಟುಕೊಂಡವರು ಮೆಕ್ಸಿಕೊ, ಪೆರು, ಕೊಲಂಬಿಯಗಳ ಜನ. ಉಪಮಾನದಲ್ಲಿ ಚೆರೋಕೀಗಳೇ ಇಲ್ಲ! ಚೆರೋಕೀ ನೇಷನ್ ಸಿಟ್ಟಾಯಿತು, ನ್ಯಾಯವಾಗಿಯೇ. ಅಲ್ಲಿನ ಪೌರತ್ವಕ್ಕೆ ಡಾಸ್ ಪಟ್ಟಿಯಲ್ಲಿ ಹೆಸರಿದ್ದವರ ಸಂತತಿ ಎಂದು ದಾಖಲೆ ಬೇಕು, ಹೋಲಿಕೆ ಅಲ್ಲ. ವಾರೆನ್ 2019ರಲ್ಲಿ ಕ್ಷಮೆ ಕೇಳಿದರು.

ಆದರೂ ಇಡೀ ಪರೀಕ್ಷೆಯನ್ನು ತಿಪ್ಪೆಗೆಸೆಯಲು ನನಗೆ ಮನಸ್ಸಿಲ್ಲ, ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಮಕ್ಕಳು ಮರಿಗಳನ್ನು ನೆನೆದಾಗ. ಅಲ್ಲಿ 1850, 1860ರ ಗಣತಿಯ ಗುಲಾಮರ ಪಟ್ಟಿಗಳಲ್ಲಿ ಯಜಮಾನನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ ಬರೆದಿದ್ದಾರೆ. ಇವರೆಲ್ಲರ ಹೆಸರು ಗಣತಿಗೆ ಬಂದದ್ದು 1870ರಲ್ಲಿ. ಕಾಗದಪತ್ರಕ್ಕೆ ಹೋಗಿ ಎಂದು ಇವರಿಗೆ ಹೇಳಲು ಬಾಯಿ ಬರುವುದಿಲ್ಲ. ಆದರೆ ಇವರು ಮೊದಲು ತೆರೆಯಬೇಕಾದ್ದು ಬಣ್ಣದ ಶೇಕಡಾಗಳ ಪುಟವನ್ನಲ್ಲ. ಅದೇ ವರದಿಯ, ಯಾರೂ ಜಾಹೀರಾತು ಮಾಡದ ಇನ್ನೊಂದು ಪುಟವನ್ನು. ತಮ್ಮ ಡಿಎನ್‌ಎಯ ಉದ್ದುದ್ದ ತುಣುಕುಗಳನ್ನೇ ಹಂಚಿಕೊಂಡ, ಇಂದು ಬದುಕಿರುವ ದೂರದ ದಾಯಾದಿಗಳ ಪಟ್ಟಿ ಅದು. ಅವರಿಗೆ ಕಾಗದ ಬರೆದು, ನಿಮ್ಮ ಅಜ್ಜಿಯ ಹೆಸರೇನು ಎಂದು ಕೇಳಬಹುದು.